ಅಪ್ಪನ ಕಾಲಿನ ವಿಷಯ ಮೊದಲು ಬರಿ

ವಿಯೆನ್ನಾ, ಭಾನುವಾರ

ಅಮ್ಮಾ,

ನಮಸ್ಕಾರ. ನಾನು ಚೆನ್ನಾಗಿದ್ದೀನಿ. ಗೌರಿ ಕರು ಹಾಕಿತಾ?

ನಿನ್ನ ಕಾಗದದ ಫೋಟೋ ತೆಗೆದು ಪುಟ್ಟ ಕಳಿಸಿದ್ದು ಪ್ರಾಗ್‌ನಲ್ಲಿ ಸಿಕ್ಕಿತು. ದೊಡ್ಡಮ್ಮನ ಮನೆ ಗೃಹಪ್ರವೇಶ, ಕೊಬ್ಬರಿ ರೇಟು ಎಲ್ಲಾ ಬರೆದು, ಕೊನೇ ಸಾಲಿಗೆ ಅಪ್ಪನ ಹೆಬ್ಬೆರಳಿನ ಗಾಯ ಇನ್ನೂ ಮಾಗಿಲ್ಲ ಅಂತ ಸೇರಿಸಿದ್ದೀಯಲ್ಲ! ಆಗ ನಾನು 1410ರ ಹಳೇ ಗಡಿಯಾರದ ಕೆಳಗೆ ನಿಂತಿದ್ದೆ. ಗಂಟೆಗೊಮ್ಮೆ ಅದರ ಕಿಟಕಿಗಳಲ್ಲಿ ಏಸುವಿನ ಶಿಷ್ಯರ ಗೊಂಬೆಗಳು ಹಾದುಹೋಗುತ್ತವೆ, ಪಕ್ಕದಲ್ಲೊಂದು ಅಸ್ಥಿಪಂಜರ ಗಂಟೆ ಎಳೆಯುತ್ತೆ. ಜನ ಫೋಟೋ ತೆಗೀತಿದ್ದರು, ನನಗೆ ತಲೆ ಎತ್ತೋಕಾಗಲಿಲ್ಲ.

ಸಕ್ಕರೆ ಕಾಯಿಲೆ ಇರೋ ಎಷ್ಟೋ ಜನಕ್ಕೆ ಕಾಲು ಮರಗಟ್ಟಿರುತ್ತೆ, ನೋವೇ ಗೊತ್ತಾಗಲ್ಲ. ‘ನೋವಿಲ್ಲ ಬಿಡು’ ಅಂತ ಅಪ್ಪ ಅಂದರೆ ಅದೇ ಭಯ. ಅರಿಶಿನ, ಸೊಪ್ಪು ಏನೂ ಕಟ್ಟಬೇಡ. ನಾಳೇನೇ ತುಮಕೂರಿಗೆ ಕರ್ಕೊಂಡು ಹೋಗು. ಬರಿಗಾಲಲ್ಲಿ ತೋಟಕ್ಕೆ ಇಳಿಯೋದು ಬೇಡ. ದಿನಾ ರಾತ್ರಿ ಅಂಗಾಲು ನೀನೇ ನೋಡು.

ಯೂರೋಪ್ ಸುತ್ತೋಕೆ ದುಡ್ಡೆಲ್ಲಿಂದ ಬಂತು ಅಂತ ಚಿಕ್ಕಪ್ಪ ಕೇಳಿದರಂತೆ. ಸಾಲದ ದುಡ್ಡಲ್ಲ, ಶನಿವಾರ ಶನಿವಾರ ಬೇಕರಿಯಲ್ಲಿ ದುಡಿದದ್ದು. ಒಂದೇ ರೂಮಲ್ಲಿ ಎಂಟು ಜನ ಮಲಗ್ತೀವಿ, ಬ್ರೆಡ್ಡಿಗೆ ನಿನ್ನ ಚಟ್ನಿಪುಡಿ. ಕಾಸು ಕೊಡದೆ ನಡೆದು ನೋಡೋದೇ ಇಲ್ಲಿ ಬೇಕಾದಷ್ಟಿದೆ. ಪ್ರಾಗ್‌ನ ಚಾರ್ಲ್ಸ್ ಸೇತುವೆ ಅರ್ಧ ಕಿಲೋಮೀಟರಿಗಿಂತ ಉದ್ದ, 1357ರಲ್ಲಿ ಕಟ್ಟೋಕೆ ಶುರು ಮಾಡಿದ್ದು. ಎರಡು ಸಲ ದಾಟಿದೆ.

ಅಪ್ಪನಿಗೆ ಇದನ್ನು ಓದಿ ಹೇಳು: ವಿಯೆನ್ನಾದಲ್ಲಿ ನಲ್ಲಿ ತಿರುಗಿಸಿದರೆ ಆಲ್ಪ್ಸ್ ಬೆಟ್ಟದ ಒರತೆ ನೀರು ಬರುತ್ತೆ. 1873ರಲ್ಲಿ ಹಾಕಿದ ಕಾಲುವೆ. ಬೆಟ್ಟದಿಂದ ಊರಿಗೆ ಮೋಟರಿಲ್ಲದೆ ಇಳಿಜಾರಿನಲ್ಲೇ ಹರಿದು ಬರುತ್ತೆ. ರಸ್ತೆ ಬದಿಯ ನಲ್ಲಿಯಲ್ಲೇ ಬಾಟಲಿ ತುಂಬಿಕೊಂಡೆ. ನಮ್ಮ ಬೋರು ಬತ್ತಿದ ವರ್ಷ ನೆನಪಾಯ್ತು.

ಬುಡಾಪೆಸ್ಟ್ ಬಿಟ್ಟುಬಿಟ್ಟೆ. ನನಗೆ ಬೇಜಾರಿಲ್ಲ, ಖಂಡಿತ ಇಲ್ಲ, ಮುಂದೊಂದ್ಸಲ ನೋಡಿದರಾಯ್ತು. ಉಳಿದ ದುಡ್ಡು ಪುಟ್ಟನ ಅಕೌಂಟಿಗೆ ಹಾಕಿದ್ದೀನಿ, ಆಸ್ಪತ್ರೆಗೇ ಖರ್ಚು ಮಾಡು, ಗೃಹಪ್ರವೇಶದ ಉಡುಗೊರೆಗಲ್ಲ. ಇಲ್ಲಿ ಚಳಿ ಇಲ್ಲ, ಸ್ವೆಟರ್ ಇದೆ, ಜೊತೆಗೆ ಹುಡುಗಿಯರಿದ್ದಾರೆ, ರಾತ್ರಿ ಒಬ್ಬಳೇ ಓಡಾಡಲ್ಲ, ನೆಗಡಿ ಕೂಡ ಆಗಿಲ್ಲ. ನನ್ನ ಚಿಂತೆ ಒಂಚೂರೂ ಬೇಡ.

ಡ್ರೆಸ್ಡೆನ್ ಬಸ್ ಬಂತು. ಡಾಕ್ಟರು ಏನಂದರು ಅಂತ ನಾಳೆ ಸಂಜೆಯೊಳಗೆ ಹೇಳು. ಅಜ್ಜಿಗೆ ನಮಸ್ಕಾರ.

ನಿನ್ನ
ಪುಟ್ಟಿ