ಚೀಟಿ ಇಲ್ಲದೆ ಈ ಮಾತ್ರೆ ಕೊಡಬೇಡಿ

ಮಾನ್ಯ ಸಂಪಾದಕರೇ,

ನಿಮಿರು ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳನ್ನು ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕು. ಆದರೆ ಎಷ್ಟೋ ಮೆಡಿಕಲ್ ಶಾಪ್‌ಗಳಲ್ಲಿ ಮೆಲ್ಲಗೆ ಹೆಸರು ಹೇಳಿದರೆ ಸಾಕು, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ‘ಹೃದಯಕ್ಕೆ ಏನಾದರೂ ಮಾತ್ರೆ ತಗೊಳ್ತೀರಾ?’ ಎಂದು ಕೇಳುವವರಿಲ್ಲ. 30 ವರ್ಷ ಔಷಧ ಅಂಗಡಿಯಲ್ಲಿ ನಿಂತ ನನಗೆ ಇದು ನಿದ್ದೆಗೆಡಿಸುವ ವಿಷಯ.

ಎದೆನೋವಿಗೆ ನಾಲಿಗೆಯಡಿ ಇಟ್ಟುಕೊಳ್ಳುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆಯ ಜೊತೆ ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್ ಸೇರಿದರೆ ರಕ್ತದೊತ್ತಡ ಪ್ರಾಣಕ್ಕೇ ಕುತ್ತಾಗುವಷ್ಟು ಕುಸಿಯಬಹುದು. ಸಿಲ್ಡೆನಾಫಿಲ್ ನುಂಗಿದ ಮೇಲೆ ಕನಿಷ್ಠ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಮುಟ್ಟುವಂತಿಲ್ಲ. ಆ ಹೊತ್ತಿನಲ್ಲಿ ಎದೆನೋವು ಬಂದರೆ ನಾಚಿಕೆ ಬಿಟ್ಟು, ಏನು ನುಂಗಿದ್ದೇನೆಂದು ಆಸ್ಪತ್ರೆಯಲ್ಲಿ ಮೊದಲು ಹೇಳಬೇಕು. ಗೊತ್ತೇ ಇಲ್ಲದ ಹೆಂಡತಿ ಮಕ್ಕಳು, ಪಾಪ, ಏನೆಂದು ಹೇಳಿಯಾರು? ನಿಮಿರುವಿಕೆ 4 ಗಂಟೆ ಮೀರಿದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಿಮಿರು ದೌರ್ಬಲ್ಯ ಸಕ್ಕರೆ ಕಾಯಿಲೆ, ಹೃದ್ರೋಗದ ಮುನ್ಸೂಚನೆಯೂ ಆಗಿರಬಹುದು. ಗುಟ್ಟಾಗಿ ಮಾತ್ರೆ ನುಂಗುತ್ತಾ ಹೋದರೆ ಆ ರೋಗ ಒಳಗೇ ಬೆಳೆಯುತ್ತದೆ. ಔಷಧ ನಿಯಂತ್ರಣ ಇಲಾಖೆ ಚೀಟಿಯಿಲ್ಲದ ಮಾರಾಟವನ್ನು ಕೂಡಲೇ ತಡೆಯಲಿ.

– ನಿವೃತ್ತ ಫಾರ್ಮಾಸಿಸ್ಟ್, ದಾವಣಗೆರೆ