ಕೊರೋನಾ ಲೆಕ್ಕ ನಿಲ್ಲಲಿ, ಜ್ವರದ ಲೆಕ್ಕ ಇರಲಿ

ಮಾನ್ಯ ಸಂಪಾದಕರೇ,

2022ರ ಈ ಬೇಸಿಗೆಯಲ್ಲಿ ಕೇಸು ಇಳಿದಿವೆ, ಸರ್ಕಾರ ಇನ್ನೂ ದಿನಾ ಕೊರೋನಾ ಲೆಕ್ಕ ಕೊಡುವುದು ಯಾಕೆ ಎಂದು ಎಲ್ಲರೂ ಕೇಳುತ್ತಿದ್ದಾರೆ. ಮಾರ್ಚ್ 31ಕ್ಕೆ ಕೊರೋನಾಗೆಂದು ಹಾಕಿದ್ದ ವಿಪತ್ತು ನಿರ್ವಹಣಾ ಕಾಯ್ದೆಯ ಕಟ್ಟುಪಾಡೂ ಮುಗಿಯಿತು. ನಾನು ತಿಪಟೂರಿನಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡವನು. ಕೌಂಟರಿನ ಈ ಕಡೆ ನಿಂತು ಕಂಡದ್ದನ್ನು ಬರೆಯುತ್ತಿದ್ದೇನೆ.

2020ರಲ್ಲಿ ಜ್ವರ, ಕೆಮ್ಮು, ನೆಗಡಿಗೆ ಮಾತ್ರೆ ಕೊಳ್ಳುವವರ ಹೆಸರು, ಫೋನ್ ನಂಬರ್ ಬರೆದಿಡಿ ಎಂದು ನಮಗೆ ಆದೇಶ ಬಂತು. 200 ಪುಟದ ನೋಟ್‌ಬುಕ್ ತಂದೆ. ಮೊದಲು ಎಲ್ಲರೂ ಬರೆಸಿದರು. ಅದು ಪಿ-ನಂಬರ್ ಕಾಲ, ನೆನಪಿದೆ ಅಲ್ವಾ? ಸರ್ಕಾರದ ದಿನದ ಬುಲೆಟಿನ್‌ನಲ್ಲಿ ಪ್ರತಿ ರೋಗಿಗೂ ಒಂದು ಸಂಖ್ಯೆ, ವಯಸ್ಸು, ಎಲ್ಲಿಂದ ಬಂದರು ಎಂಬ ವಿವರ. ಹೆಸರು ಹಾಕದಿದ್ದರೂ ಯಾರ ಮನೆ ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಬೀದಿ ಸೀಲ್‌ಡೌನ್ ಆಗುತ್ತಿತ್ತು. ಅದನ್ನು ಕಂಡ ಮೇಲೆ ನನ್ನ ಅಂಗಡಿಯಲ್ಲಿ ಜ್ವರದವರೇ ಇಲ್ಲ! ಎಲ್ಲರಿಗೂ ಮೈಕೈ ನೋವು, ಹಲ್ಲುನೋವು. ನಂಬರ್ ಕೇಳಿದರೆ ಒಂಬತ್ತೇ ಅಂಕಿ ಹೇಳಿ ಹೋಗುತ್ತಿದ್ದರು. ನೋಟ್‌ಬುಕ್ ನೋಡಲು ಎರಡು ಸಲ ಬಂದ ಅಧಿಕಾರಿಗಳು ಆಮೇಲೆ ಇತ್ತ ತಲೆ ಹಾಕಲಿಲ್ಲ.

2021ರ ಯುಗಾದಿ ವಾರ. ತಿಂಗಳಿಗೆ ಆಗುವಷ್ಟು ಜ್ವರದ ಮಾತ್ರೆ ಡೋಲೋ 650 ಐದೇ ದಿನಕ್ಕೆ ಖಾಲಿ. ಕೊಂಡವರಲ್ಲಿ ಜಾಸ್ತಿ ಜನ ಒಂದೇ ದಿಕ್ಕಿನ ಮೂರು ಹಳ್ಳಿಯವರು. ಕೊಬ್ಬರಿ ಮಾರಲು ಬಂದವರು ಮನೆಮಂದಿಗೆಲ್ಲ ಸೇರಿಸಿ ನಾಲ್ಕು ಸ್ಟ್ರಿಪ್ ಕೇಳುತ್ತಿದ್ದರು. ನನಗೆ ಅನುಮಾನ ಬಂತು. ಒಂದು ಕಚೇರಿಗೆ ಫೋನ್ ಮಾಡಿದೆ. "ಅದು ನಮ್ಮ ಸೆಕ್ಷನ್ ಅಲ್ಲ" ಎಂದರು. ಇನ್ನೊಂದು ಕಡೆ ಮಾಡಲಿಲ್ಲ, ಅದು ನನ್ನ ತಪ್ಪು. ಆ ಹಳ್ಳಿಗಳಲ್ಲಿ ಸ್ವಾಬ್ ತೆಗೆಯಲು ಜನ ಹೋಗುವಷ್ಟರಲ್ಲಿ ಹನ್ನೆರಡು ದಿನ ಕಳೆದಿತ್ತು. ಮೇ 5ರಂದು ರಾಜ್ಯದಲ್ಲಿ ಒಂದೇ ದಿನದ ಕೇಸು 50 ಸಾವಿರ ದಾಟಿತು ಎಂದು ಟಿವಿಯಲ್ಲಿ ಬೆಳಗಿನಿಂದ ರಾತ್ರಿವರೆಗೂ ಓಡಿತು. ಆ ಸಂಖ್ಯೆಯಿಂದ ಈ ಮೂರು ಹಳ್ಳಿಗೆ ಏನು ಉಪಯೋಗ? ಅಲ್ಲಿನ ನನ್ನ ಖಾತೆ ಗಿರಾಕಿಗಳಲ್ಲಿ ಇಬ್ಬರು ಮತ್ತೆ ಅಂಗಡಿಗೆ ಬರಲಿಲ್ಲ.

ಈ ಜನವರಿಯ ಮೂರನೇ ಅಲೆಯಲ್ಲಂತೂ 250 ರೂಪಾಯಿಯ ಮನೆ ಟೆಸ್ಟ್ ಕಿಟ್ ನಾನೇ ಮಾರಿದ್ದೇನೆ. ಎರಡು ಗೆರೆ ಬಂದರೆ, ಅಂದರೆ ಪಾಸಿಟಿವ್ ಆದರೆ, ಫಲಿತಾಂಶ ಆ್ಯಪ್‌ಗೆ ಹಾಕಿ ಎಂದರೆ ಜನ ನಗುತ್ತಿದ್ದರು. ಬುಲೆಟಿನ್ ಸಂಖ್ಯೆ ಆಗಲೇ ಟೊಳ್ಳಾಗಿತ್ತು.

ಹಾಗಾಗಿ ದಿನದ ಲೆಕ್ಕ ನಿಲ್ಲಿಸಿ, ಬೇಜಾರಿಲ್ಲ. ಹೆಸರು, ನಂಬರ್ ಬರೆಯುವುದಂತೂ ಬೇಡವೇ ಬೇಡ. ಆದರೆ ಜ್ವರದ ಲೆಕ್ಕ ಬಿಡಬೇಡಿ. 2004ರಿಂದಲೇ ಐಡಿಎಸ್‌ಪಿ ಎಂಬ, ರೋಗಗಳ ಮೇಲೆ ಕಣ್ಣಿಡುವ ಸರ್ಕಾರಿ ವ್ಯವಸ್ಥೆ ಇದೆ. ಉಪಕೇಂದ್ರ, ಆಸ್ಪತ್ರೆ, ಲ್ಯಾಬ್‌ಗಳಿಂದ ಜ್ವರ, ಭೇದಿ, ಡೆಂಗಿ ಎಲ್ಲದರ ಲೆಕ್ಕ ಜಿಲ್ಲೆಗೆ ಹೋಗುತ್ತದೆ. ಹೋದದ್ದು ನಮ್ಮೂರಿಗೆ ವಾಪಸ್ ಬರುವುದಿಲ್ಲ, ಅಷ್ಟೇ. ಯಾವ ಹೋಬಳಿಯಿಂದ ಎಷ್ಟು ಜನ ಜ್ವರವೆಂದು ಬಂದರು, ಎಷ್ಟು ಜನಕ್ಕೆ ಉಸಿರಾಟದ ತೊಂದರೆ ಎಂದು ವಾರಕ್ಕೊಂದು ಹಾಳೆ ತಾಲ್ಲೂಕು ಆಸ್ಪತ್ರೆಯ ಬೋರ್ಡಿಗೆ ಅಂಟಿಸಲಿ. ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಬರಲಿ. ನಮ್ಮಂಥ ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಲಿ: ಈ ವಾರ ಜ್ವರದ ಮಾತ್ರೆ ಎಷ್ಟು ಸ್ಟ್ರಿಪ್ ಹೋಯಿತು? ಬಿಲ್ ಹಾಕುವ ಕಂಪ್ಯೂಟರ್‌ನಲ್ಲೇ ಇದೆ, ಒಂದು ನಿಮಿಷದ ಕೆಲಸ.

ಆ ನೋಟ್‌ಬುಕ್ ಇನ್ನೂ ಗಲ್ಲಾಪೆಟ್ಟಿಗೆ ಕೆಳಗೇ ಇದೆ. ನೂರಾರು ಜನರ ಫೋನ್ ನಂಬರ್ ಇವೆ, ಏನು ಮಾಡಬೇಕೆಂದು ಯಾರೂ ಹೇಳಿಲ್ಲ. ಈ ಭಾನುವಾರ ಹರಿದು ನೀರೊಲೆಗೆ ಹಾಕುತ್ತೇನೆ. ಬೇಕು ಎನ್ನುವ ಸೆಕ್ಷನ್‌ನವರು ಯಾರಾದರೂ ಇದ್ದರೆ ಶನಿವಾರದೊಳಗೆ ಬರಲಿ.

– ಔಷಧ ವ್ಯಾಪಾರಿ, ತಿಪಟೂರು