ಇರ್ವಿಂಗ್ ಪತ್ರಗಳ ಜೊತೆ ಕಳೆದ ವರ್ಷಗಳಿಗೆ, ಜೊತೆಗಿದ್ದವರಿಗೆ

ಹೋದ ವಾರ ನನ್ನ ಪಿಎಚ್‌ಡಿ ಮೌಖಿಕ ಪರೀಕ್ಷೆ ಮುಗಿಯಿತು. ಪ್ರಬಂಧಕ್ಕೆ ಒಪ್ಪಿಗೆ ಸಿಕ್ಕಿದೆ. ಫೋನ್ ಮಾಡಿ, ಮೆಸೇಜ್ ಹಾಕಿ ಖುಷಿಪಟ್ಟವರಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಬರೆಯುತ್ತಿದ್ದೇನೆ. ಆದರೆ ಕೆಲವರ ಋಣವನ್ನು ಎಲ್ಲರ ಎದುರಿಗೇ ಹೇಳಬೇಕು ಅನ್ನಿಸಿತು.

ನಾನು ಓದಿದ್ದು ಹೆನ್ರಿ ಇರ್ವಿಂಗ್ ಮತ್ತು ಅವರ ಬಳಗದ ಪತ್ರಗಳನ್ನು. 1878ರಿಂದ ಲಂಡನ್ನಿನ ಲೈಸಿಯಂ ಥಿಯೇಟರ್ ನಡೆಸಿದವರು ಇರ್ವಿಂಗ್. ನಮ್ಮ ಗುಬ್ಬಿ ವೀರಣ್ಣನವರ ಹಾಗೆ ರಂಗದ ಮೇಲೂ ಅವರೇ, ಕಂಪನಿಗೂ ಅವರೇ ಯಜಮಾನರು. 1895ರಲ್ಲಿ ವಿಕ್ಟೋರಿಯಾ ರಾಣಿ ಅವರಿಗೆ ‘ಸರ್’ ಪದವಿ ಕೊಟ್ಟರು. ನಟನೊಬ್ಬನಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಅವರ ಕಂಪನಿಯ ನಾಯಕಿ ಎಲೆನ್ ಟೆರಿ. ಲೆಕ್ಕ, ಪ್ರವಾಸ, ಪತ್ರವ್ಯವಹಾರ ಎಲ್ಲ ನೋಡಿಕೊಂಡವರು ಬ್ರಾಮ್ ಸ್ಟೋಕರ್. ಹೌದು, ‘ಡ್ರಾಕುಲಾ’ ಬರೆದ ಸ್ಟೋಕರ್ ಅವರೇ.

ಮೊದಲ ನಮಸ್ಕಾರ ಪತ್ರಾಗಾರಗಳ ಸಿಬ್ಬಂದಿಗೆ. ಈ ಪತ್ರಗಳು ಒಂದೇ ಕಡೆ ಇಲ್ಲ. ಸ್ಟೋಕರ್ ಜೋಪಾನ ಮಾಡಿದ್ದ ಪತ್ರಗಳು ಲೀಡ್ಸ್ ವಿಶ್ವವಿದ್ಯಾಲಯದ ಬ್ರದರ್ಟನ್ ಸಂಗ್ರಹದಲ್ಲಿವೆ. ಇನ್ನಷ್ಟು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ, ಮತ್ತಷ್ಟು ಅಮೆರಿಕದ ಫೋಲ್ಜರ್ ಲೈಬ್ರರಿಯಲ್ಲಿ. 2020ರಲ್ಲಿ ಓದುವ ಕೋಣೆಗಳಿಗೆಲ್ಲ ಬೀಗ ಬಿತ್ತು. ನನ್ನ ಕೆಲಸ ಅಲ್ಲಿಗೇ ನಿಂತಿತು ಅಂದುಕೊಂಡಿದ್ದೆ. ಒಳಗೆ ಹೋಗಲು ಅನುಮತಿ ಸಿಕ್ಕ ಕೂಡಲೇ ಸಿಬ್ಬಂದಿ ನನಗಾಗಿ ಪತ್ರಗಳ ಫೋಟೋ ತೆಗೆದು ಕಳಿಸಿದರು. ಹಿಂಬದಿಯಲ್ಲಿ ಪೆನ್ಸಿಲ್ ಗುರುತು ಇದ್ದರೆ ನಾನು ಕೇಳದೆಯೇ ಅದರ ಫೋಟೋವನ್ನೂ ಸೇರಿಸುತ್ತಿದ್ದರು. ಎಷ್ಟೋ ಸಲ ಆ ಗುರುತಿನಿಂದಲೇ ಪತ್ರಕ್ಕೆ ಉತ್ತರ ಹೋಗಿತ್ತೋ ಇಲ್ಲವೋ ಗೊತ್ತಾಗುತ್ತಿತ್ತು.

ಎರಡನೆಯದು, ನನಗೆ ಇರ್ವಿಂಗ್ ಅಕ್ಷರ ಓದಲು ಕಲಿಸಿದ ಹಿರಿಯರೊಬ್ಬರಿಗೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಇರ್ವಿಂಗ್ ಕೈಬರಹ ಅವರ ಕಾಲದಲ್ಲೇ ಕುಖ್ಯಾತ. ಅರ್ಧ ಪದ ಆಗುವಷ್ಟರಲ್ಲಿ ಅಕ್ಷರ ಕರಗಿ ಬರೀ ಗೆರೆಯಾಗಿಬಿಡುತ್ತದೆ. ಈ ಹಿರಿಯರು ಹೇಳಿಕೊಟ್ಟ ದಾರಿ ಸರಳ. ಮೊದಲು ಗೊತ್ತಿರುವ ಹೆಸರು ಹುಡುಕು: ಲೈಸಿಯಂ, ಸ್ಟೋಕರ್, ರಂಗ ವ್ಯವಸ್ಥಾಪಕ ಲವ್‌ಡೇ. ಆ ಹೆಸರಿನಲ್ಲಿ ಅವರು ‘ಎಲ್’ ಹೇಗೆ ಎಳೆಯುತ್ತಾರೆ, ‘ಎಸ್’ ಹೇಗೆ ತಿರುಗಿಸುತ್ತಾರೆ ನೋಡಿಟ್ಟುಕೋ. ಆಮೇಲೆ ಉಳಿದದ್ದಕ್ಕೆ ಹೋಗು.

ಪತ್ರಕ್ಕೆ ತಾರೀಖು ಕೂಡಿಸುವುದನ್ನು ಕಲಿಸಿದವರೂ ಅವರೇ. ಆ ಕಾಲದವರು ಸುಮ್ನೆ ‘ಮಂಗಳವಾರ’ ಅಂತ ಬರೆದು ಮುಂದೆ ಹೋಗಿಬಿಡುತ್ತಿದ್ದರು. ಯಾವ ವರ್ಷದ ಮಂಗಳವಾರ? ಇರ್ವಿಂಗ್ ಪತ್ರದ ತಲೆಯಲ್ಲಿ 15ಎ, ಗ್ರಾಫ್ಟನ್ ಸ್ಟ್ರೀಟ್ ವಿಳಾಸ ಇದ್ದರೆ ಹೆಚ್ಚುಕಡಿಮೆ 1899ಕ್ಕಿಂತ ಹಿಂದಿನದು. ಸ್ಟ್ರಾಟನ್ ಸ್ಟ್ರೀಟ್ ಇದ್ದರೆ ಆಮೇಲಿನದು. ಬರೆದವರು ‘ಸರ್ ಹೆನ್ರಿ’ ಅಂದಿದ್ದರೆ 1895ರ ಬೇಸಿಗೆ ದಾಟಿದೆ. ಮಧ್ಯದಲ್ಲಿ ಯಾವುದೋ ನಾಟಕದ ತಾಲೀಮಿನ ಮಾತು ಬಂದರಂತೂ ತಿಂಗಳೇ ಸಿಕ್ಕಿಬಿಡುತ್ತದೆ. ಹೀಗೆ ಒಂದು ಚೀಟಿಗೆ ತಾರೀಖು ಕೂಡಿಬಂದ ದಿನ ನನಗೆ ಹಬ್ಬ.

ಸ್ಟೋಕರ್ ಅವರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಇರ್ವಿಂಗ್ ಪರವಾಗಿ ತಾವು ಬರೆದ ಪತ್ರಗಳು ಸುಮಾರು ಐದು ಲಕ್ಷ ಎಂದು ಅವರೇ ಅಂದಾಜು ಮಾಡಿದ್ದರು. ಸೀಟು ಕೇಳುವವರು, ನಾಟಕ ಬರೆದು ಕಳಿಸಿದವರು, ಕೆಲಸ ಕೇಳುವವರು, ಕಷ್ಟದಲ್ಲಿರುವ ಹಳೆಯ ನಟರು, ಎಲ್ಲರಿಗೂ ಉತ್ತರ ಹೋಗಬೇಕಿತ್ತು. ರಂಗದ ಮೇಲೆ ಚಪ್ಪಾಳೆ ಬಿದ್ದದ್ದು ಇರ್ವಿಂಗ್‌ಗೆ ಮತ್ತು ಟೆರಿಗೆ. ಆದರೆ ದಿನಾ ಸಂಜೆ ಪರದೆ ಏಳಲು ಈ ಮನುಷ್ಯ ದಿನವಿಡೀ ಮೇಜಿನ ಮುಂದೆ ಕೂತಿರಬೇಕಿತ್ತು. ನನ್ನ ಪ್ರಬಂಧದ ವಾದವೂ ಅದೇ: ಲೈಸಿಯಂ ನಿಂತಿದ್ದು ಅಂಚೆಯ ಮೇಲೆ.

ಮೂರನೆಯ ಮಾತು ನನ್ನ ಗೈಡ್ ಮೇಡಂಗೆ. ನಾನು 1898ರ ಪತ್ರಗಳಿಗೆ ಬಂದ ಸಮಯಕ್ಕೇ ಅಮ್ಮನಿಗೆ ದೊಡ್ಡ ಆಪರೇಷನ್ ಆಯಿತು. ಎಲ್ಲ ಬಿಟ್ಟು ದಾವಣಗೆರೆಗೆ ಬಂದೆ. 1898 ಇರ್ವಿಂಗ್ ಪಾಲಿಗೂ ಕೆಟ್ಟ ವರ್ಷ. ಫೆಬ್ರವರಿ 18ರಂದು ಲಂಡನ್ನಿನ ಸದರ್ಕ್‌ನ ಬೇರ್ ಲೇನ್‌ನಲ್ಲಿದ್ದ ಅವರ ಸೀನರಿ ಉಗ್ರಾಣಕ್ಕೆ ಬೆಂಕಿ ಬಿತ್ತು. 44 ನಾಟಕಗಳ ಪರದೆ, ಸೆಟ್ಟು ಸುಟ್ಟುಹೋದವು. ವಿಮೆಯ ಮೊತ್ತವನ್ನು ಮೊದಲೇ ಕಡಿಮೆ ಮಾಡಿಸಿದ್ದರಿಂದ ಬಂದ ಹಣ ಯಾತಕ್ಕೂ ಸಾಲಲಿಲ್ಲ. ಅಕ್ಟೋಬರ್‌ನಲ್ಲಿ ಗ್ಲಾಸ್ಗೋದಲ್ಲಿ ನ್ಯುಮೋನಿಯಾ ಬಂದು ಹಾಸಿಗೆ ಹಿಡಿದರು. ಮುಂದಿನ ವರ್ಷ ಲೈಸಿಯಂ ಒಂದು ವ್ಯಾಪಾರಿ ಕಂಪನಿಯ ಕೈಗೆ ಹೋಯಿತು. ಆದರೂ ಇರ್ವಿಂಗ್ 1905ರವರೆಗೆ ಊರೂರು ತಿರುಗಿ ನಾಟಕ ಆಡಿದರು. ಬ್ರಾಡ್‌ಫರ್ಡ್‌ನಲ್ಲಿ ‘ಬೆಕೆಟ್’ ನಾಟಕ ಮುಗಿಸಿ ಹೋಟೆಲಿಗೆ ಬಂದವರು ಅಲ್ಲೇ ಕಣ್ಣುಮುಚ್ಚಿದರು.

ಆಸ್ಪತ್ರೆ ಕಾರಿಡಾರಿನಲ್ಲಿ ಕೂತು ಈ ಪತ್ರಗಳ ಫೋಟೋ ಓದಲು ನನಗೆ ಆಗುತ್ತಿರಲಿಲ್ಲ. ಬಿಟ್ಟುಬಿಡುತ್ತೇನೆ ಅಂತ ಮೇಡಂಗೆ ಬರೆದೆ. ಅವರು ಬುದ್ಧಿ ಹೇಳಲಿಲ್ಲ. ‘ಅಮ್ಮನ ಹತ್ತಿರ ಇರು, 1898 ಎಲ್ಲೂ ಹೋಗುವುದಿಲ್ಲ’ ಅಂದರು. ರಜೆಯ ಕಾಗದಪತ್ರವನ್ನೆಲ್ಲ ತಾವೇ ಓಡಾಡಿ ಮುಗಿಸಿಕೊಟ್ಟರು. ಮೇಡಂ, ಇದನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಅಮ್ಮ ಈಗ ಚೆನ್ನಾಗಿದ್ದಾಳೆ. ವೈವಾ ದಿನ ನನಗಿಂತ ಜಾಸ್ತಿ ದಿಗಿಲು ಅವಳಿಗೇ ಇತ್ತು.

ಆ ದಿನಗಳಲ್ಲಿ ರಾತ್ರಿಯಿಡೀ ಅಮ್ಮನ ಪಕ್ಕದಲ್ಲಿ ಕೂತು ನನ್ನನ್ನು ಮಲಗಲು ಕಳಿಸುತ್ತಿದ್ದ ಚಿಕ್ಕಮ್ಮನಿಗೆ, ಇಲ್ಲಿ ಮಗಳ ಶಾಲೆ, ಊಟ, ಜ್ವರ ಎಲ್ಲ ಒಬ್ಬನೇ ನೋಡಿಕೊಂಡ ನನ್ನ ಗಂಡನಿಗೆ, ಅಧ್ಯಾಯಗಳನ್ನು ಓದಿ ‘ಇದು ಅರ್ಥ ಆಗ್ತಿಲ್ಲ ಕಣೇ’ ಅಂತ ಮುಖದ ಮೇಲೇ ಹೇಳಿದ ಗೆಳತಿಯರಿಗೆ ಶರಣು.

ಇನ್ನೊಂದು ಕೋರಿಕೆ. ನಿಮ್ಮ ಅಜ್ಜನೋ ಮುತ್ತಜ್ಜಿಯೋ ಕಂಪನಿ ನಾಟಕದಲ್ಲಿ ಇದ್ದವರಾದರೆ, ಅಟ್ಟದ ಮೇಲಿನ ಟ್ರಂಕಿನಲ್ಲಿ ಕಾರ್ಡು, ಕವರು, ಮುಕ್ಕಾಂ ಬದಲಾಯಿಸುವಾಗಿನ ಲೆಕ್ಕದ ಚೀಟಿ ಉಳಿದಿರಬಹುದು. ದಯವಿಟ್ಟು ರದ್ದಿಗೆ ಹಾಕಬೇಡಿ. ನನಗೆ ಒಂದು ಸಾಲು ಬರೆಯಿರಿ. ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ. ನಿಮ್ಮ ಮನೆಯಲ್ಲೇ ಕೂತು, ನಿಮ್ಮ ಕಣ್ಣೆದುರಿಗೇ ಫೋಟೋ ತೆಗೆದು, ಮೂಲವನ್ನು ನಿಮಗೇ ವಾಪಸ್ ಕೊಡುತ್ತೇನೆ.